ಹೆಗಲು ಕೇಳುವ ಸಂಜೆ

ಫೆಬ್ರವರಿ 2, ಸೋಮವಾರ

ಇವತ್ತು ಹೆಗಲು ಕೇಳುವ ದಿನ.

ನಾಳೆ ಮಂಗಳವಾರ, ಅಮ್ಮನ ರಕ್ತ ತೊಳೆಸಬೇಕು. ಮತ್ತೆ ಶುಕ್ರವಾರ. ಆಸ್ಪತ್ರೆಯವರು ಅದಕ್ಕೆ ಡಯಾಲಿಸಿಸ್ ಅನ್ನುತ್ತಾರೆ. ಅಮ್ಮನಿಗೆ ಎದ್ದು ಬಚ್ಚಲಿಗೆ ಹೋದರೂ ಏದುಸಿರು. ಪೇಟೆಯ ಬಸ್ಸು ನಿಲ್ಲುವ ರಸ್ತೆ ದಿಬ್ಬದ ಆಚೆಗಿದೆ. ಸೇತುವೆ ಇದ್ದಾಗ ಬಸ್ಸು ಹೊಳೆ ದಾಟಿ ಬಂದು ಟೈಲರ್ ಅಂಗಡಿಯ ಮುಂದೆಯೇ ತಿರುಗುತ್ತಿತ್ತು. ಈಗ ಆ ಜಾಗದಲ್ಲಿ ಹುಲ್ಲು ಬೆಳೆದಿದೆ. ದಿಬ್ಬ ಹತ್ತಿ ಇಳಿಯುವ ಕಲ್ಲಿನ ಕಾಲುದಾರಿಯೊಂದೇ ಉಳಿದಿರುವುದು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಎರಡೂ ಪಕ್ಕಕ್ಕೆ ಬಿದಿರಿನ ಗಳ ಕಟ್ಟಿ ನಾಲ್ಕು ಜನ ಹೊತ್ತುಕೊಂಡು ಹೋಗುತ್ತಾರೆ. ಹಿಂದಿನ ಸಂಜೆ ಆ ನಾಲ್ವರ ಮನೆಗೆ ಹೋಗಿ ಕೇಳಿ ಬರುವುದು ನನ್ನ ಕೆಲಸ. ಬರುವವರು ಅವರೇ. ಆದರೂ ಪ್ರತಿ ಸಲ ಕೇಳಬೇಕು. ಕೇಳದಿದ್ದರೆ ಬಿಟ್ಟಿ ಆಳು ಅಂದುಕೊಂಡಿದ್ದೀವಿ ಅಂತ ಆಗುತ್ತದೆ ಎಂದು ಅಮ್ಮ ಹೇಳುತ್ತಾಳೆ.

ಗಿರಣಿ ಅಣ್ಣನ ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ. ಗಿರಣಿಯ ಸದ್ದು ನಿಲ್ಲಲಿ ಎಂದು ಕಾದೆ. ನಿಂತ ಮೇಲೂ ಬಾಯಿ ಬರಲಿಲ್ಲ. ಕೊನೆಗೆ ಅವನೇ ತಿರುಗಿ ನೋಡಿ, "ನಾಳೇನಾ? ಬರ್ತೀನಿ ಹೋಗು. ಅಲ್ಲಿ ಕಂಬದ ಥರ ನಿಂತಿದ್ರೆ ಹಿಟ್ಟು ಮೆತ್ಕೊಳ್ಳುತ್ತೆ" ಅಂದ.

ಟೈಲರ್ ಅಣ್ಣನ ಅಂಗಡಿಯಲ್ಲಿ ಅವನ ಹೆಂಡತಿ ಟೈಲರ್ ಅತ್ತಿಗೆಯ ಕಿವಿಯಲ್ಲಿ ಹೇಳಿ ಬಂದೆ. ಚಿಕ್ಕಪ್ಪನಿಗೆ ಹೇಳುವುದು ಸುಲಭ, ಮನೆಯವನೇ. ಎಲ್ಲರಿಗಿಂತ ಕಷ್ಟ ಬಡಗಿ ಮಾವ. ಅವರು ಒಳ್ಳೆಯವರೇ. ಆದರೆ ಊರಿನಲ್ಲಿ ನನ್ನ ಕಣ್ಣಿಗೆ ನೇರ ಕಣ್ಣು ಸಿಗುವುದು ಗಿರಣಿ ಅಣ್ಣನದು, ಅವರದು ಮಾತ್ರ; ಅಣ್ಣನ ಕಣ್ಣು ಹೆಚ್ಚಾಗಿ ಗಿರಣಿಯ ಮೇಲೇ ಇರುತ್ತದೆ, ಮಾವ ಮುಖ ನೋಡಿಯೇ ಮಾತಾಡುವುದು. ಬೇರೆಯವರ ಜೊತೆ ಮಾತಾಡುವಾಗ ನಾನು ಬಗ್ಗಿ ನೆಲ ನೋಡಿದರೂ ನಡೆಯುತ್ತದೆ. ಅವರ ಮುಂದೆ ಬಗ್ಗಿದರೆ ಏನೋ ತಪ್ಪು ಮಾಡಿದವಳ ಹಾಗೆ ಕಾಣುತ್ತೇನೆ.

ಶಾಲೆಯಲ್ಲಿ ನನ್ನನ್ನು ಏಣಿ ಅಂತ ಕರೆಯುತ್ತಿದ್ದರು. ಶಾಲೆ ಮುಚ್ಚಿತು, ಕರೆದವರೆಲ್ಲ ಊರು ಬಿಟ್ಟರು, ಹೆಸರು, ಬಗ್ಗಿ ನಡೆಯುವ ರೂಢಿ ಮಾತ್ರ ಉಳಿದವು.

ಫೆಬ್ರವರಿ 3, ಮಂಗಳವಾರ

ಹೋಗಿ ಬಂದೆವು. ನಾನು ಚೀಲ ಹಿಡಿದು ಹಿಂದೆ ನಡೆದೆ. ದಿಬ್ಬ ಹತ್ತುವಾಗ ಕುಳ್ಳರಿಬ್ಬರು ಮುಂದೆ, ಎತ್ತರದವರಿಬ್ಬರು ಹಿಂದೆ. ಚಿಕ್ಕಪ್ಪ, ಟೈಲರ್ ಅಣ್ಣ ಮುಂದೆ. ಬಡಗಿ ಮಾವ, ಗಿರಣಿ ಅಣ್ಣ ಹಿಂದೆ. ಹಾಗಾದರೇ ಕುರ್ಚಿ ಮಟ್ಟಸವಾಗಿರುವುದು. ದಿಬ್ಬದ ತಲೆಗೆ ಹೋದ ಮೇಲೆ ಕುರ್ಚಿ ಇಳಿಸಿ ಹಿಂದಿನವರು ಮುಂದೆ ಬರುತ್ತಾರೆ, ಇಳಿಜಾರಿಗೆ. ಜೋಡಿಯಲ್ಲಿ ಇಬ್ಬರದೂ ಒಂದೇ ಎತ್ತರ ಇರಬೇಕು. ಒಬ್ಬ ಕುಳ್ಳನಾದರೆ ಕುರ್ಚಿ ಅವನ ಕಡೆ ವಾಲಿ ಭಾರವೆಲ್ಲ ಅವನ ಮೇಲೆ ಬೀಳುತ್ತದೆ.

ಅಮ್ಮ ದಾರಿಯುದ್ದಕ್ಕೂ ತಮಾಷೆ ಮಾಡುತ್ತಾಳೆ. ಹೊರುವವರಿಗೆ ಬೇಜಾರಾಗಬಾರದಂತೆ. "ಬದುಕಿರೋವಾಗಲೇ ವಾರಕ್ಕೆರಡು ಸಲ ಹೊತ್ತು ಮುಗಿಸ್ತಿದ್ದೀರಿ. ಸತ್ತ ಮೇಲೆ ನಾನು ನಡ್ಕೊಂಡೇ ಹೋಗ್ಬೇಕೇನೋ" ಅಂದಳು.

ಚಿಕ್ಕಪ್ಪ, "ಅತ್ತಿಗೆ, ಸ್ವಲ್ಪ ಉಸಿರು ಬಿಗಿ ಹಿಡೀರಿ. ಮಾತಾಡಿದ್ರೆ ತೂಕ ಜಾಸ್ತಿ ಆಗುತ್ತೆ" ಅಂದ.

ಎಲ್ಲರೂ ನಕ್ಕರು. ನನಗೆ ಮಾತ್ರ ಅಳು ಬಂತು.

ಫೆಬ್ರವರಿ 11, ಬುಧವಾರ

ಸೇತುವೆ ನೋಡಲು ಓವರ್‌ಸಿಯರ್ ಬಂದಿದ್ದರು. ದಿಬ್ಬ ಹತ್ತಿ ಇಳಿದು ಬಂದು ಟೈಲರ್ ಅಂಗಡಿಯ ಬೆಂಚಿನ ಮೇಲೆ ಬೂಟು ಬಿಚ್ಚಿ ಕೂತರು. ಉಸಿರು ಸರಿಯಾದ ಮೇಲೆ, "ಊರಲ್ಲಿ ಈಗ ಎಷ್ಟು ಜನ ಇದ್ದೀರಿ?" ಅಂತ ಕೇಳಿದರು.

"ಬೆಳಿಗ್ಗೆ ಲೆಕ್ಕಾನೋ ಸಂಜೆ ಲೆಕ್ಕಾನೋ ಸಾರ್? ಸಂಜೆ ಹೊತ್ತಿಗೆ ಕಮ್ಮಿ ಆಗ್ತಾರೆ" ಅಂದ ಚಿಕ್ಕಪ್ಪ.

ಅವರಿಗೆ ನಗು ಬರಲಿಲ್ಲ. ಇಷ್ಟು ಕಡಿಮೆ ಜನಕ್ಕೆ ಸೇತುವೆ ಮಂಜೂರಾಗುವುದಿಲ್ಲ, ಜನ ಇದ್ದರೆ ಬಸ್ಸೂ ಬರುತ್ತದೆ, ಎಲ್ಲವೂ ಬರುತ್ತದೆ ಎಂದರು.

ಬಡಗಿ ಮಾವ ನಿಧಾನವಾಗಿ ಹೇಳಿದರು, "ಸೇತುವೆ ಬಿದ್ದಿದ್ದಕ್ಕೇ ಸಾರ್ ಜನ ಹೋಗಿದ್ದು."

"ಅದು ನಂಗೂ ಗೊತ್ತು ಮಾರಾಯರೇ. ಆದ್ರೆ ಫಾರಂನಲ್ಲಿ ಅದನ್ನ ಬರೆಯೋಕೆ ಜಾಗ ಇಲ್ಲ" ಎಂದರು ಓವರ್‌ಸಿಯರ್. ಕೆಟ್ಟವರೇನಲ್ಲ. ನೀರು ಕೇಳಿ ಕುಡಿದರು.

ಹೊರಟಾಗ ಚಿಕ್ಕಪ್ಪ, "ಶುಕ್ರವಾರ ಬಂದಿದ್ರೆ ಒಂದು ಹೆಗಲು ಕೊಡಬಹುದಿತ್ತು, ಒಳ್ಳೆ ಎತ್ತರ ಇದ್ದೀರಿ" ಅಂದ. ಅವರು ತಮಾಷೆ ಅಂದುಕೊಂಡರು. ಚಿಕ್ಕಪ್ಪನ ಕಣ್ಣಲ್ಲಿ ತಮಾಷೆ ಇರಲಿಲ್ಲ.

ಫೆಬ್ರವರಿ 23, ಸೋಮವಾರ

ಗಿರಣಿ ಅಣ್ಣ ಹೋಗುತ್ತಿದ್ದಾನೆ.

ಹೆಗಲು ಕೇಳಲು ಹೋದಾಗ ಮನೆಯೆಲ್ಲ ಗಂಟುಮೂಟೆ. ಅತ್ತಿಗೆ ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತುತ್ತಿದ್ದಳು. ಅಣ್ಣ ನನ್ನ ಮುಖ ನೋಡಲಿಲ್ಲ. "ನಾಳೆ ಒಂದು ಸಲ ಬರ್ತೀನಿ. ನಿಮ್ಮಮ್ಮನ್ನ ಬಸ್ಸಿಗೆ ಹತ್ತಿಸಿ ಅದೇ ಬಸ್ಸಲ್ಲಿ ನಾನೂ ಹೋಗ್ತೀನಿ. ಸಂಜೆ ವಾಪಸ್ ತರೋಕೆ, ನನ್ನ ಸಾಮಾನು ಹೊರೋಕೆ ಬರೋ ಆಳಿಗೆ ಹೇಳಿದ್ದೀನಿ. ದಿನಕ್ಕೊಂದು ಡಬ್ಬ ಕಾಳು ಬೀಸೋಕೆ ಗಿರಣಿ ಯಾಕಮ್ಮ? ನಂಗೂ ಮಕ್ಕಳಿದ್ದಾವೆ" ಅಂದ.

ನಾನು ಆಯ್ತು ಎಂದು ತಲೆಯಾಡಿಸಿದೆ. ಹೋಗಬೇಡಿ ಅನ್ನಬೇಕಿತ್ತು. ಅನ್ನಲು ನಾನು ಯಾರು?

ಮನೆಗೆ ಬಂದು ಅಮ್ಮನಿಗೆ ಹೇಳಲಿಲ್ಲ. ಆದರೂ ಅವಳಿಗೆ ಗೊತ್ತಾಯಿತು. "ಗಿರಣಿ ಸದ್ದು ಇಲ್ಲ ಇವತ್ತು" ಅಂದಳು, ಅಷ್ಟೆ.

ಫೆಬ್ರವರಿ 26, ಗುರುವಾರ

ಚಿಕ್ಕಪ್ಪ ಅಂಚೆಯವನನ್ನು ಒಪ್ಪಿಸಿದ್ದಾನೆ. ಅವನು ಮಂಗಳವಾರ, ಶುಕ್ರವಾರ ನಮ್ಮೂರಿಗೆ ದಿಬ್ಬ ಹತ್ತಿ ಬರುತ್ತಾನೆ. ಕಾಗದ ಕೊಟ್ಟು ವಾಪಸ್ ಹೋಗುವಾಗ ಒಂದು ಹೆಗಲು ಕೊಡುತ್ತಾನಂತೆ. ಸಂಜೆ ಅಮ್ಮ ಬರುವಾಗ ಏನು ಮಾಡುವುದು ಅಂದರೆ, ಅವನ ಮನೆ ರಸ್ತೆಯ ಹತ್ತಿರವೇ. ಬರುತ್ತೇನೆ ಅಂದಿದ್ದಾನೆ. ದೇವರಂಥ ಮನುಷ್ಯ.

ಆದರೆ ಅವನೂ ಕುಳ್ಳ. ಈಗ ಕುಳ್ಳರು ಮೂವರು, ಬಡಗಿ ಮಾವ ಒಬ್ಬರೇ ಎತ್ತರ. ಸಂಜೆ ಎಲ್ಲರೂ ನಮ್ಮ ಅಂಗಳದಲ್ಲಿ ಕೂತು ಯೋಚನೆ ಮಾಡಿದರು. ಮಾವ ಬಗ್ಗಿ ನಡೆದು ನೋಡಿದರು. ನಾಲ್ಕು ಹೆಜ್ಜೆಗೆ ಸೊಂಟ ಹಿಡಿಯಿತು. ಗಳವನ್ನು ಓರೆ ಕಟ್ಟಿ ನೋಡಿದರು, ಕುರ್ಚಿ ತಿರುಗಿತು. ಕೊನೆಗೆ ಮಾವ ಒಂದು ಹಗುರ ಮರದ ದಿಮ್ಮಿ ಕೆತ್ತಿದರು. ಅದನ್ನು ಟೈಲರ್ ಅಣ್ಣನ ಹೆಗಲ ಮೇಲೆ ಪಟ್ಟಿಯಿಂದ ಕಟ್ಟಿ, ಅದರ ಮೇಲೆ ಗಳ ಇಡುವುದು. ಆಗ ಇಬ್ಬರೂ ಸಮ.

ಅಳತೆಗೆ ಮಾವ ಗೋಡೆಯ ಪಕ್ಕ ನಿಂತುಕೊಳ್ಳಬೇಕಿತ್ತು. ಆದರೆ ಅವರೇ ಗುರುತು ಹಾಕಬೇಕಲ್ಲ. ಆದ್ದರಿಂದ ನನ್ನನ್ನು ನಿಲ್ಲಿಸಿ, "ನೇರ ನಿಲ್ಲಮ್ಮ, ನೀನು ನನ್ನಷ್ಟೇ ಇದ್ದೀಯ" ಅಂತ ನನ್ನ ಹೆಗಲಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಎಲ್ಲರೂ ನೋಡುತ್ತಿದ್ದರು. ಗೆರೆ ಎಳೆದ ತಕ್ಷಣ ಒಳಗೆ ಓಡಿದೆ.

ದಿಮ್ಮಿಯ ಕೆಳಗೆ ಇಡಲು ಹಳೆ ಹೊದಿಕೆಯ ದಿಂಬು ಹೊಲಿದುಕೊಟ್ಟೆ. ನನ್ನಿಂದಾಗುವ ಸಹಾಯ ಅಷ್ಟೇ.

ಫೆಬ್ರವರಿ 27, ಶುಕ್ರವಾರ

ದಿಮ್ಮಿ ನಿಂತಿತು. ಟೈಲರ್ ಅಣ್ಣನ ಕುತ್ತಿಗೆ ಊದಿದೆ, ಆದರೆ ನಿಂತಿತು.

ಮಾರ್ಚ್ 6, ಶುಕ್ರವಾರ

ಅಮ್ಮ ಬಿದ್ದಳು.

ಇಳಿಜಾರಿನಲ್ಲಿ, ಎರಡು ಬಂಡೆಗಳ ನಡುವೆ. ಟೈಲರ್ ಅಣ್ಣನ ಪಟ್ಟಿ ಬೆವರಿಗೆ ಜಾರಿತು, ದಿಮ್ಮಿ ಉರುಳಿತು, ಗಳ ಅವನ ತೋಳಿನ ಮೇಲೆ ಬಿತ್ತು. ಕುರ್ಚಿ ಒಂದು ಮೂಲೆಗೆ ಬಗ್ಗಿತು. ನಾನು ಹಿಂದೆ ಇದ್ದೆ. ಕೈ ಚಾಚಿದೆ, ಸೆರಗಿನ ತುದಿ ಸಿಕ್ಕಿತು, ಅಮ್ಮ ಸಿಗಲಿಲ್ಲ.

ಎಡಗೈ ಅಡಿಯಾಗಿ ಬಿದ್ದಳು. ಆ ಕೈಯಲ್ಲೇ ಸೂಜಿ ಚುಚ್ಚುವ ನರ ಇರುವುದು. ಆಪರೇಷನ್ ಮಾಡಿ ಕೂಡಿಸಿದ್ದಾರೆ, ಬೆರಳಿಟ್ಟರೆ ಒಳಗೆ ದುಂಬಿ ಇದ್ದಂತೆ ಗುಂಯ್ ಅನ್ನುತ್ತದೆ. ಅದು ನಿಂತರೆ ಎಲ್ಲ ನಿಂತ ಹಾಗೆ ಎಂದು ಸಿಸ್ಟರ್ ಮೊದಲ ದಿನವೇ ಹೇಳಿದ್ದರು.

ಎಲ್ಲರೂ ಸುತ್ತ ಮಂಡಿಯೂರಿದರು. ಯಾರಿಗೂ ಮುಟ್ಟುವ ಧೈರ್ಯವಿಲ್ಲ. ನಾನು ಬೆರಳಿಟ್ಟೆ. ನನ್ನ ಬೆರಳೇ ನಡುಗುತ್ತಿತ್ತು, ಗುಂಯ್ ಅನ್ನುವುದು ನರವೋ ಬೆರಳೋ ತಿಳಿಯಲಿಲ್ಲ. ಕಿವಿಯಿಟ್ಟೆ. ಇತ್ತು.

"ಇದೆ" ಅಂದೆ.

ಟೈಲರ್ ಅಣ್ಣ ಬಂಡೆಗೆ ಒರಗಿ ಮಗುವಿನ ಹಾಗೆ ಅತ್ತ. ಅಮ್ಮನೇ ಅವನನ್ನು ಸಮಾಧಾನ ಮಾಡಿದಳು. "ಏನಾಯ್ತೀಗ? ನನ್ನ ಕೈಗೆ ಇಲ್ಲದ ನೋವು ನಿಂಗ್ಯಾಕೋ?" ಅಂದಳು. ಮೊಣಕೈಯಿಂದ ರಕ್ತ ಸೋರುತ್ತಿತ್ತು.

ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ಕೂತವಳು, "ನನ್ನನ್ನ ಇನ್ನು ಹೊರಬೇಡಿ" ಎಂದು ನನಗಷ್ಟೇ ಕೇಳುವಂತೆ ಹೇಳಿದಳು. ನಾನು ಕೇಳಿಸದ ಹಾಗೆ ಕಿಟಕಿ ನೋಡಿದೆ.

ಮಾರ್ಚ್ 9, ಸೋಮವಾರ

ಅಂಚೆಯವನು ಬರುವುದಿಲ್ಲ. ಅಮ್ಮ ಬಿದ್ದ ಸುದ್ದಿ ಅವನ ಮೇಲಿನವರಿಗೆ ಹೋಗಿದೆ. "ಕಾಗದ ಹೊರೋಕೆ ಸಂಬಳ ಕೊಡೋದು, ಕಾಯಿಲೆಯವರನ್ನ ಹೊರೋಕಲ್ಲ" ಅಂದರಂತೆ. ಇನ್ಯಾರ ಕೈಯಲ್ಲೋ ಹೇಳಿ ಕಳಿಸಿದ್ದಾನೆ. ಪಾಪ, ಮುಖ ತೋರಿಸಲು ನಾಚಿಕೆ.

ಊರೆಲ್ಲ ಸುತ್ತಿದೆ. ಊರೆಲ್ಲ ಅಂದರೆ ಏನು. ಒಂದು ಮನೆಯಲ್ಲಿ ಬೆನ್ನು ಬಾಗಿದ ಅಜ್ಜ, ಒಂದರಲ್ಲಿ ಎದೆನೋವಿನವನು, ಒಂದರಲ್ಲಿ ಬೀಗ, ಮುಂದಿನದರಲ್ಲೂ ಬೀಗ. ಬೀಗ ಹಾಕಿದ ಬಾಗಿಲ ಮುಂದೆಯೂ ಸ್ವಲ್ಪ ಹೊತ್ತು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ.

ಮಾರ್ಚ್ 10, ಮಂಗಳವಾರ

ಹೋಗಲಿಲ್ಲ.

ಮಾರ್ಚ್ 12, ಗುರುವಾರ

ಅಮ್ಮನ ಮುಖ ಊದಿದೆ. ಕಾಲು ಒತ್ತಿದರೆ ಗುಳಿ ಬೀಳುತ್ತದೆ, ಏಳುವುದೇ ಇಲ್ಲ. ಬಾಯಾರಿಕೆ ಅನ್ನುತ್ತಾಳೆ. ನೀರು ಕೊಡುವ ಹಾಗಿಲ್ಲ. ಒದ್ದೆ ಬಟ್ಟೆ ತುಟಿಗೆ ಒತ್ತುತ್ತೇನೆ, ಅದನ್ನೇ ಹೀರುತ್ತಾಳೆ.

ಅಕ್ಕ ಫೋನಿನಲ್ಲಿ ಕೂಗಾಡಿದಳು. "ಮೂರು ಗಂಡಸರಿಗೆ ಒಬ್ಬಳನ್ನ ಎತ್ತೋಕಾಗಲ್ವಾ? ನೀನಾದ್ರೂ ಬಾಯಿ ಬಿಟ್ಟು ಕೇಳೇ! ನಿನ್ನ ಸಂಕೋಚಕ್ಕೆ ಅಮ್ಮ ಸಾಯ್ಬೇಕಾ?" ಅಂದಳು. ಅವಳು ಪೇಟೆಯಲ್ಲಿದ್ದಾಳೆ. ಅತ್ತೆ, ಭಾವ, ಎರಡು ಮಕ್ಕಳು, ಒಂದು ಕೋಣೆ. ಅವಳಿಗೂ ಏನು ಮಾಡಲು ತೋಚದೆ ಕೂಗಾಡುವುದು.

ನಾನು ಕೇಳಿದ್ದೇನೆ ಅಕ್ಕ. ಬೀಗಗಳನ್ನೂ ಕೇಳಿದ್ದೇನೆ. ಇದನ್ನು ಫೋನಿನಲ್ಲಿ ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ 13, ಶುಕ್ರವಾರ

ಇವತ್ತೂ ಇಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ. ಕಿಟಕಿಯ ಸರಳು ಹಿಡಿದು ಕೂತೇ ಇದ್ದಾಳೆ.

ಮಾರ್ಚ್ 15, ಭಾನುವಾರ, ಆಸ್ಪತ್ರೆಯ ಜಗುಲಿ

ನಿನ್ನೆಯದು ಬರೆಯಬೇಕು.

ಬೆಳಿಗ್ಗೆ ಅಮ್ಮನ ತುಟಿ ನೀಲಿಯಾಗಿತ್ತು. ಎದೆಯಲ್ಲಿ ನೀರು ಕುದಿಯುವ ಸದ್ದು. ಚಿಕ್ಕಪ್ಪನನ್ನು ಕೂಗಿದೆ. ಬಡಗಿ ಮಾವ, ಟೈಲರ್ ಅಣ್ಣನೂ ಓಡಿ ಬಂದರು. ಚಿಕ್ಕಪ್ಪ ಬೆನ್ನ ಮೇಲೆ ಹೊರುತ್ತೇನೆ ಅಂತ ಬಗ್ಗಿ ಕೂತ. ಅಮ್ಮನನ್ನು ಅವನ ಬೆನ್ನಿಗೆ ಒರಗಿಸಿದರೆ ಎದೆ ಅದುಮಿ ಉಸಿರೇ ನಿಂತಂತಾಯಿತು. ಮತ್ತೆ ಕೂರಿಸಿದೆವು. ಕೂತೇ ಹೋಗಬೇಕು, ಕುರ್ಚಿಯೇ ಆಗಬೇಕು.

ಕುರ್ಚಿ ತಂದರು. ಅಮ್ಮನನ್ನು ಕೂರಿಸಿ, ಬೀಳದಂತೆ ಸೀರೆಯಿಂದ ಬಿಗಿದೆ. ಮೂವರೂ ನಿಂತರು. ಮೂರು ತುದಿಗೆ ಮೂವರು.

"ನನ್ನ ಎತ್ತರದ ಇನ್ನೊಬ್ಬ ಬೇಕಿತ್ತು" ಎಂದರು ಮಾವ. ಅದನ್ನು ಯಾರಿಗೂ ಹೇಳಿದ್ದಲ್ಲ. ಎಲ್ಲರೂ ದಿಬ್ಬದ ದಾರಿ ನೋಡಿದರು. ಅಲ್ಲಿಂದ ಯಾರಾದರೂ ಇಳಿದು ಬರುತ್ತಾರೇನೋ ಎನ್ನುವ ಹಾಗೆ. ನಾನೂ ನೋಡಿದೆ.

ನಾಲ್ಕನೆಯ ತುದಿಯ ಹಗ್ಗ ಸಡಿಲವಾಗಿತ್ತು. ಬಿಗಿಯೋಣ ಅಂತ ಗಳ ಎತ್ತಿ ಹೆಗಲ ಮೇಲಿಟ್ಟುಕೊಂಡೆ, ಎರಡೂ ಕೈ ಬಿಡುವಾಗಲಿ ಎಂದು. ಅಷ್ಟೇ ಮಾಡಿದ್ದು. ಆಗ ಇವರೂ ಎತ್ತಿದರು. ಕುರ್ಚಿ ನೆಲ ಬಿಟ್ಟಿತು. ಎಲ್ಲೂ ವಾಲಲಿಲ್ಲ.

ಮಾವ ಪಕ್ಕಕ್ಕೆ ತಿರುಗಿ ನನ್ನ ಕಣ್ಣು ನೋಡಿದರು. ಅಂಗಳದ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಇನ್ನೂ ಇತ್ತು.

"ನಡೀರಿ" ಎಂದರು ಮಾವ. ನಡೆದೆವು.

ಗಳ ಮೂಳೆಯ ಮೇಲೇ ಕೂರುತ್ತದೆ. ಬಗ್ಗಿದರೆ ಇನ್ನೂ ನೋವು, ನೇರ ನಿಂತರೆ ಭಾರ ಕಾಲಿಗೆ ಇಳಿಯುತ್ತದೆ. ಅದು ದಿಬ್ಬದ ಅರ್ಧಕ್ಕೆ ಬಂದಾಗ ತಿಳಿಯಿತು. ಇಳಿಜಾರಿನಲ್ಲಿ ಮಾವ, ನಾನು ಮುಂದೆ. ಹಿಂದಿನವರಿಗೆ ದಾರಿ ಕಾಣುವುದಿಲ್ಲ, ಮುಂದಿನವರು ಹೇಳಬೇಕು. ಮಾವನಿಗೆ ಉಸಿರು ಸಾಲುತ್ತಿರಲಿಲ್ಲ. "ಕಲ್ಲು", "ಎಡಕ್ಕೆ", "ತಗ್ಗು", "ನಿಲ್ಲಿ" ಅಂತ ಹೇಳುತ್ತಾ ಹೋದೆ. ಅಮ್ಮ ತಮಾಷೆ ಮಾಡಲಿಲ್ಲ. ಅವಳ ಎದೆಯ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಇತ್ತು.

ಬಸ್ಸಿನವನು ಅಮ್ಮನ ಮುಖ ನೋಡಿ ಎಲ್ಲೂ ನಿಲ್ಲಿಸದೆ ಆಸ್ಪತ್ರೆಯ ಗೇಟಿಗೇ ತಂದ. ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಎರಡು ಸಲ ತೊಳೆದಿದ್ದಾರೆ. ಈಗ ಮಲಗಿದ್ದಾಳೆ, ಕಾಲು ಚಾಚಿ.

ಚಿಕ್ಕಪ್ಪ ಹಣೆ ಬಡಿದುಕೊಳ್ಳುತ್ತಿದ್ದ. "ಮನೇಲೇ ಏಣಿ ಇಟ್ಕೊಂಡು ದಿಮ್ಮಿ ಕೆತ್ತಿಸಿದ್ವಲ್ಲೋ! ಅವಳನ್ನೇ ನಿಲ್ಸಿ ಅಳತೆ ತಗೊಂಡ್ವಲ್ಲೋ!" ಟೈಲರ್ ಅಣ್ಣ, "ದಿಂಬೂ ಅವಳ ಕೈಲೇ ಹೊಲಿಸಿದ್ವಿ" ಅಂದ.

ನನಗೂ ಹೊಳೆದಿರಲಿಲ್ಲ. ನಾನು ಚೀಲ ಹಿಡಿಯುವವಳು ಅಂತಲೇ ಇದ್ದೆ.

ಮಾರ್ಚ್ 27, ಶುಕ್ರವಾರ

ಹೆಗಲ ಚರ್ಮ ಸುಲಿದಿತ್ತು, ಈಗ ಒಣಗಿದೆ. ಟೈಲರ್ ಅಣ್ಣನಿಗೆ ಹೊಲಿದ ದಿಂಬು ನನಗೇ ಬಂತು.

ಈಗ ಸೋಮವಾರ, ಗುರುವಾರದ ಸಂಜೆ ಕೇಳಲು ಹೋಗುವುದು ಬೇಗ ಮುಗಿಯುತ್ತದೆ. ಎರಡೇ ಬಾಗಿಲು. ನಿನ್ನೆ ಟೈಲರ್ ಅಣ್ಣ ಗೊಣಗಿದ, ತುರ್ತಾಗಿ ಹೊಲಿದು ಮುಗಿಸಬೇಕಾದ ಬಟ್ಟೆ ಇದೆಯಂತೆ, ಶುಕ್ರವಾರ ಆಗುವುದಿಲ್ಲವಂತೆ. "ಬಟ್ಟೆ ಇಲ್ಲಿ ಕೊಡಿ, ಗುಂಡಿ ಕಾಜಾ ನಾನು ಮಾಡ್ತೀನಿ, ನೀವು ಬನ್ನಿ" ಅಂದೆ. ತಂದು ಮಾಡಿಕೊಟ್ಟೆ. ಬಂದ.

ಏಪ್ರಿಲ್ 7, ಮಂಗಳವಾರ

ಬಸ್ಸು ಹೊರಟುಬಿಟ್ಟಿತ್ತು. ನಾವು ಇನ್ನೂ ಇಳಿಜಾರಿನಲ್ಲಿದ್ದೆವು. ಕೂಗಿದೆವು. ನಿಂತಿತು. ಡ್ರೈವರ್ ಏನೋ ಗೊಣಗಿದ್ದಕ್ಕೆ ಉತ್ತರ ಕೊಟ್ಟು ಅಮ್ಮನನ್ನು ಹತ್ತಿಸಿದೆವು.

ಸಂಜೆ ಚಿಕ್ಕಪ್ಪ ಅಮ್ಮನ ಮುಂದೆ ಹೇಳುತ್ತಿದ್ದ, "ನಾವೆಲ್ಲಿ ಕೂಗಿದ್ವಿ ಅತ್ತಿಗೆ? ಇವಳೊಬ್ಬಳೇ. ದಿಬ್ಬ ನಡುಗಿತು. ಡ್ರೈವರ್ ಬ್ರೇಕ್ ತುಳಿದಿದ್ದಲ್ಲ, ಬ್ರೇಕ್ ತಾನಾಗೇ ಬಿತ್ತು."

ಚಿಕ್ಕಪ್ಪ ಯಾವಾಗಲೂ ಉಪ್ಪು ಖಾರ ಹಚ್ಚಿಯೇ ಹೇಳುವುದು.

ಮೇ 12, ಮಂಗಳವಾರ

ಸಿಸ್ಟರ್ ಇನ್ನು ಮೇಲೆ ವಾರಕ್ಕೆ ಮೂರು ಸಲ ಎಂದರು. ಅಮ್ಮ ಸೂಜಿ ಚುಚ್ಚಿಸಿಕೊಳ್ಳುವಾಗಲೂ ಅಳದವಳು, ಅದನ್ನು ಕೇಳಿ ಅತ್ತಳು.

ವಾಪಸ್ ಬರುವಾಗ ಮೂವರಿಗೂ ಹೇಳಿದೆ. ಯಾರೂ ಆಗುವುದಿಲ್ಲ ಅನ್ನಲಿಲ್ಲ. ಆದರೆ ಬಡಗಿ ಮಾವ ದಿಬ್ಬದ ತಲೆಯಲ್ಲಿ ಕುರ್ಚಿ ಇಳಿಸಿದವರು ಬಹಳ ಹೊತ್ತು ಏಳಲಿಲ್ಲ. ಅವರು ನನ್ನಪ್ಪನಿಗಿಂತ ದೊಡ್ಡವರು. ಅಪ್ಪ ಹೋಗಿಯೇ ಎಷ್ಟೋ ವರ್ಷವಾಯಿತು. ಮಳೆ ಬಂದರೆ ಆ ಬಂಡೆಗಳ ಮೇಲೆ ಕಾಲು ನಿಲ್ಲುವುದಿಲ್ಲ.

ಯಾವ ದಾರಿಯೂ ಇಲ್ಲ. ಎಷ್ಟು ಯೋಚಿಸಿದರೂ ಅದೇ ಜಾಗಕ್ಕೆ ಬಂದು ನಿಲ್ಲುತ್ತೇನೆ.

ಮೇ 20, ಬುಧವಾರ

ಆಸ್ಪತ್ರೆಯ ಹಿಂದೆ ಒಂದು ಬಟ್ಟೆ ಒಗೆಯುವ ಜಾಗವಿದೆ, ಆಸ್ಪತ್ರೆಯ ಹಾಸಿಗೆ ಬಟ್ಟೆಗಳೆಲ್ಲ ಅಲ್ಲಿಗೇ ಬರುತ್ತವೆ. ನಿನ್ನೆ ಅಮ್ಮ ಒಳಗಿದ್ದಾಗ ಅಲ್ಲಿ ಹೋಗಿ ಯಜಮಾನಿಯನ್ನು ಕೇಳಿದೆ. ಬಟ್ಟೆ ಮಡಿಸಿ ಇಸ್ತ್ರಿ ಮಾಡಲು ಆಳು ಬೇಕಂತೆ. ಹಿಂದಿನ ಸಣ್ಣ ಕೋಣೆಯಲ್ಲಿ ಇರಬಹುದಂತೆ. "ಎತ್ತರ ಇದ್ದೀಯ, ಒಣಗಿಸೋ ತಂತಿ ಕೈಗೆಟುಕುತ್ತೆ, ಬಾ" ಅಂದಳು.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು, "ನೀನೇ ಹೋಗಿ ಕೇಳಿದ್ಯಾ?" ಅಂದಳು. ಮತ್ತಿನ್ಯಾರು ಕೇಳಬೇಕಿತ್ತು?

ಮೇ 28, ಗುರುವಾರ

ಕೊನೆಯ ಸಲ ಹೆಗಲು ಕೇಳಿ ಬಂದೆ. ನಾಳೆ ಹೋದರೆ ವಾಪಸ್ ಬರುವುದಿಲ್ಲ ಎಂದೂ ಹೇಳಿದೆ.

ನಾವು ಹೋದರೆ ಊರಿನಲ್ಲಿ ಇಬ್ಬರು ಕಡಿಮೆ. ಹೆಗಲು ಮೂರೇ ಉಳಿಯುತ್ತವೆ. ಇನ್ಯಾರಾದರೂ ಮಲಗಿದರೆ? ಗಿರಣಿ ಅಣ್ಣ ಅಂದು ನನ್ನ ಮುಖ ನೋಡದೆ ಇದ್ದದ್ದು ಯಾಕೆಂದು ಇವತ್ತು ತಿಳಿಯಿತು. ನಾನು ಮಾವನ ಮುಖ ನೋಡಿಯೇ ಹೇಳಿದೆ. ನೋಡಬಾರದಿತ್ತು. ಅವರ ಕಣ್ಣು ತುಂಬಿತು.

ಒಳಗಿನಿಂದ ಅವರ ತಾಯಿ ದೊಡ್ಡಜ್ಜಿ ಕೂಗಿದಳು, "ಹೋಗು ಮಗಾ, ಹಿಂದೆ ನೋಡಬೇಡ. ನಂಗೇನಾಗುತ್ತೋ ಅಂತ ಇವನು ಮುಖ ಹುಳ್ಳಗೆ ಮಾಡ್ತಾನೆ. ನನ್ನನ್ನ ಸಾವೂ ಮರೆತುಬಿಟ್ಟಿದೆ!"

ಮೇ 29, ಶುಕ್ರವಾರ

ಬಸ್ಸಿನವನು ಕುರ್ಚಿ ಹತ್ತಿಸಲು ಬಿಡಲಿಲ್ಲ. ಪೇಟೆಯಲ್ಲಿ ಕುರ್ಚಿ ಯಾಕೆ, ನಿಮಗೇ ಬೇಕಾಗುತ್ತದೆ ಎಂದು ನಾನೂ ಹೇಳಿದೆ. ಮೂವರೂ ರಸ್ತೆಯ ಪಕ್ಕ ಖಾಲಿ ಕುರ್ಚಿಯ ಸುತ್ತ ನಿಂತಿದ್ದರು. ಬಸ್ಸು ತಿರುಗುವವರೆಗೂ ಕಾಣುತ್ತಿದ್ದರು. ನಾಲ್ಕನೆಯ ತುದಿ ನೆಲದ ಮೇಲಿತ್ತು.

ಅಮ್ಮ, "ಒಂದು ಮಾತು ಹೇಳ್ಬೇಕಿತ್ತು ಅವರಿಗೆ. ಬಾಯಿಗೆ ಬರಲಿಲ್ಲ" ಅಂದಳು. ಎಲ್ಲದಕ್ಕೂ ಮಾತಿದ್ದವಳು.

ಜೂನ್ 12, ಶುಕ್ರವಾರ

ಬೆಳಿಗ್ಗೆ ಮಡಿಸಿದ ಬಟ್ಟೆಗಳ ಗಂಟು ಕೊಡಲು ಆಸ್ಪತ್ರೆಗೆ ಹೋದವಳು ಜಗುಲಿಯಲ್ಲಿ ಗಕ್ಕನೆ ನಿಂತೆ. ನಮ್ಮ ಕುರ್ಚಿ. ಗಳ ಬಿಚ್ಚಿ ಗೋಡೆಗೆ ಒರಗಿಸಿದ್ದರು.

ದೊಡ್ಡಜ್ಜಿ ನಿನ್ನೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ರಸ್ತೆಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತಂತೆ, ಮಳೆಯಲ್ಲೇ ಕಾದು ಯಾವುದೋ ಲಾರಿಯಲ್ಲಿ ಬಂದರಂತೆ. ಬಡಗಿ ಮಾವ, ಚಿಕ್ಕಪ್ಪ, ಟೈಲರ್ ಅಣ್ಣ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಪಕ್ಕದಲ್ಲಿ ಟೈಲರ್ ಅತ್ತಿಗೆ, ರವಿಕೆಯ ಹೆಗಲು ಹರಿದು ರಕ್ತ ಅಂಟಿದೆ.

"ನೀನು ಹೋದ ಮೇಲೆ ಬುದ್ಧಿ ಬಂತು ಕಣೇ. ಹುಡುಕ್ತಾ ನಿಲ್ಲಲಿಲ್ಲ, ಇವಳನ್ನೇ ಕರೆದ್ವಿ" ಅಂದ ಚಿಕ್ಕಪ್ಪ.

"ಕರೆದ್ರೇನು ಬಂತು? ನಾನು ಗಿಡ್ಡಿ" ಅಂದಳು ಅತ್ತಿಗೆ. "ಮಾವನ ಜೋಡಿ ಆಗಲಿಲ್ಲ. ಕುರ್ಚಿ ದಾರಿಯುದ್ದಕ್ಕೂ ನನ್ನ ಕಡೆಗೇ ವಾಲ್ತು. ಪ್ರತಿ ಹೆಜ್ಜೆಗೂ ಅಜ್ಜಿ ಚೀರೋದು. ಇನ್ನೂ ಕಿವೀಲಿ ಕೇಳಿಸ್ತಿದೆ."

ಈ ವಯಸ್ಸಿಗೆ ಆಪರೇಷನ್ ತಡೆಯುವುದಿಲ್ಲ, ಮನೆಯಲ್ಲೇ ಅಲುಗಾಡದಂತೆ ಮಲಗಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ನಾಳೆ ಕಳಿಸುತ್ತಾರೆ. ದೊಡ್ಡಜ್ಜಿಗೆ ಮನೆ ಬಿಟ್ಟು ಬೇರೆ ಮಾತೇ ಇಲ್ಲ. ಆ ದಿಬ್ಬವನ್ನು ಅವಳು ಮತ್ತೆ ಹಾಗೇ ಚೀರುತ್ತಾ ದಾಟಬೇಕು.

ಬಡಗಿ ಮಾವ ಎದ್ದು ನಿಂತರು. ಬಾಯಿ ತೆರೆದರು, ಮುಚ್ಚಿದರು. ನೆಲ ನೋಡಿದರು. ಅಷ್ಟು ದೊಡ್ಡ ಮನುಷ್ಯ, ಗಿರಣಿಯ ಬಾಗಿಲಲ್ಲಿ ನಾನು ನಿಲ್ಲುತ್ತಿದ್ದ ಹಾಗೇ ನಿಂತಿದ್ದರು.

"ನಾಳೇನಾ ಮಾವ? ಬರ್ತೀನಿ" ಅಂದೆ.

ಅಮ್ಮನ ಮುಂದಿನ ಸರದಿ ಸೋಮವಾರ. ಅಷ್ಟರೊಳಗೆ ಬರಬೇಕು. ಅಕ್ಕ ಬಂದು ಇರುತ್ತಾಳೆ. ಅಮ್ಮ ಈಗೀಗ ಬಹಳ ಸೋತಿದ್ದಾಳೆ, ನಿದ್ದೆಯಲ್ಲಿ ಯಾರನ್ನೋ ಕರೆಯುತ್ತಾಳೆ. ಬಿಟ್ಟು ಹೋಗಲು ಜೀವ ಒಪ್ಪುವುದಿಲ್ಲ. ಅವಳೇ, "ಹೋಗು. ಇದೇನೂ ಕೇಳೋ ವಿಷಯ ಅಲ್ಲ. ನಾನು ಎಲ್ಲಿಗೆ ಓಡಿಹೋಗ್ತೀನಿ?" ಅಂದಳು.

ಎಡಗೈ ಮುಟ್ಟಿ ನೋಡಿದೆ. ಗುಂಯ್ ಅನ್ನುತ್ತಿದೆ.

ಜೂನ್ 13, ಶನಿವಾರ, ಊರಿನ ಮನೆ

ಮುಟ್ಟಿಸಿದೆವು. ರಸ್ತೆಯವರೆಗೆ ಲಾರಿಯಲ್ಲಿ ಬಂದೆವು. ದಿಬ್ಬದ ಉದ್ದಕ್ಕೂ ಜಿನುಗು ಮಳೆ. ಎರಡು ಕಡೆ ಜಾರಿದೆವು, ಬೀಳಲಿಲ್ಲ. ಕುರ್ಚಿ ವಾಲಲಿಲ್ಲ. ದೊಡ್ಡಜ್ಜಿ ಒಂದೇ ಒಂದು ಸಲ ಚೀರಿದಳು, ಅದೂ ಕೊನೆಗೆ ಮಂಚಕ್ಕೆ ಇಳಿಸುವಾಗ. ಆಮೇಲೆ ಗೋಡೆ ಮುಟ್ಟಿ ನೋಡಿ, ಇದು ನನ್ನ ಮನೆಯೇ ಅಂತ ಗೊತ್ತು ಮಾಡಿಕೊಂಡು ಮಲಗಿದಳು.

ನಾಳೆ ಬೆಳಗಿನ ಬಸ್ಸಿಗೆ ನಾನು ಹೊರಡಬೇಕು. ಟೈಲರ್ ಅತ್ತಿಗೆಯ ಹೆಗಲಿಗೆ ದಿಂಬು ಬಿಟ್ಟು ಹೋಗುತ್ತೇನೆ. ಮಳೆ ಹಿಡಿದರೆ ಊರಿನಲ್ಲಿ ಫೋನು ಸಿಗುವುದಿಲ್ಲ, ಮುಂದಿನ ಸಲ ಯಾರಿಗೆ ಏನಾದರೂ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೇಳಿ ಕಳಿಸಿ ಎಂದಿದ್ದೇನೆ. ಬಂದು ಮುಟ್ಟುವುದು ತಡವಾಗಬಹುದು. ತಡವಾದರೆ ಏನು ಮಾಡುವುದು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಲಗಲು ನಮ್ಮ ಮನೆಯ ಬೀಗ ತೆಗೆದೆ. ಒಳಗೆ ಹೋಗುವಾಗ ಬಾಗಿಲ ಮೇಲಿನ ಅಡ್ಡಪಟ್ಟಿ ಹಣೆಗೆ ಫಟ್ ಅಂತ ಬಡಿಯಿತು. ಹುಟ್ಟಿದಾಗಿನಿಂದ ಆ ಬಾಗಿಲಲ್ಲಿ ಓಡಾಡಿದ್ದೇನೆ, ಒಂದು ದಿನವೂ ತಾಗಿರಲಿಲ್ಲ. ನೀರು ತರಲು ಹೊರಗೆ ಹೋಗಿ ಬಂದೆ, ಮತ್ತೆ ಬಡಿಯಿತು. ಈಗ ಹಣೆ ಊದಿಕೊಂಡಿದೆ.

ಜನ ಇಲ್ಲದ ಮನೆ ಬೇಗ ಕುಸಿಯುತ್ತದಂತೆ. ನಮ್ಮ ಬಾಗಿಲೂ ತಗ್ಗಿದೆ. ಬೆಳಿಗ್ಗೆ ಹೋಗುವ ಮೊದಲು ಬಡಗಿ ಮಾವನಿಗೆ ಒಮ್ಮೆ ನೋಡಲು ಹೇಳಬೇಕು.